ಮನೆವಾರ್ತೆ: ಮತಯಾಚನೆಗೆ ಹೊರಟ ಮಂಗಳೂರಿನ ಮಗಳು



ಚುನಾವಣೆಯ ಕಾಲ ಬಂತೆಂದರೆ ನಮ್ಮ ಮನೆಗಳ ಅಂಗಳಕ್ಕೆ ಹೊಸ ಹೊಸ ನೆಂಟರು ಬರುವುದುಂಟು. ವರುಷಗಟ್ಟಲೆ ಮುಖ ತೋರಿಸದವರೂ ಆಗ ಕೈಮುಗಿದು ನಿಲ್ಲುತ್ತಾರೆ. ಹಿರಿಯರ ಆರೋಗ್ಯವನ್ನು ವಿಚಾರಿಸುತ್ತಾರೆ. ಮಕ್ಕಳ ತಲೆ ನೇವರಿಸುತ್ತಾರೆ. ಬೆಲ್ಲ ನೀರು ಕೊಟ್ಟು ಅವರನ್ನು ಉಪಚರಿಸುವ ಭಾರ ಎಂದಿನಂತೆ ನಮ್ಮದೇ. ಹಾಗೆ ಬರುವವರಲ್ಲಿ ಈಚೆಗೆ ಹೆಂಗಸರೂ ಇರುತ್ತಾರೆ. ಅದನ್ನು ಕಂಡು ಯಾರೂ ಬೆರಗಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ನಮ್ಮ ದೇಶದಲ್ಲಿ ಶಾಸನಸಭೆಯ ಸ್ಥಾನಕ್ಕಾಗಿ ಮೊಟ್ಟಮೊದಲು ಮತಯಾಚನೆಗೆ ಹೊರಟ ಮಹಿಳೆಯೆಂದು ಚರಿತ್ರೆಯಲ್ಲಿ ಹೆಸರಾದವರು ಇದೇ ಮಂಗಳೂರಿನ ಮಗಳೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ಅವರು ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು. ವರ್ಷ 1926.

ಕೈಮಗ್ಗ, ಕರಕುಶಲ ಕಲೆ ಎಂದೊಡನೆ ಕಮಲಾದೇವಿಯವರ ಹೆಸರು ನೆನಪಿಗೆ ಬರುವುದು ಸಹಜ. ಅವರ ಉಮೇದುವಾರಿಕೆಯ ಸಂಗತಿ ಮಾತ್ರ ಮರೆವಿಗೆ ಸಂದಿದೆ. ಕಾರಣ ಸರಳವಾದುದು: ಆ ಚುನಾವಣೆಯಲ್ಲಿ ಅವರು ಸೋತರು. ಗೆದ್ದವರ ಪಟಗಳು ಗೋಡೆಯನ್ನೇರುತ್ತವೆ. ಸೋತವರ ಕಥೆಯನ್ನು ಹೇಳುವವರಿಲ್ಲ. ಈ ತಿಂಗಳು ಆ ಸೋಲಿನ ಕಥೆಯನ್ನೇ ಓದುಗರ ಮುಂದಿಡಬೇಕೆಂದಿದೆ.

ಮೊದಲು ಒಂದು ಶಬ್ದವಿಚಾರ. ನಮ್ಮ ಹಿರಿಯರು 'ಉಮೇದುವಾರ' ಎನ್ನುತ್ತಿದ್ದರು. ಈಗ 'ಅಭ್ಯರ್ಥಿ' ಎನ್ನುತ್ತೇವೆ. ಒಂದರಲ್ಲಿ ಆಸೆಯೆಂಬ ಅರ್ಥವಿದೆ, ಇನ್ನೊಂದರಲ್ಲಿ ಬೇಡಿಕೆಯೆಂಬ ಅರ್ಥವಿದೆ. ಅಧಿಕಾರವನ್ನು ಬಯಸುವವನು ಒಂದು ಸಲವಾದರೂ ಪರರ ಬಾಗಿಲಲ್ಲಿ ಬೇಡುವವನಾಗಿ ನಿಲ್ಲಬೇಕೆಂಬುದು ಪ್ರಜಾಪ್ರಭುತ್ವದ ಧರ್ಮ. ಅಮೆರಿಕಾ ದೇಶದ ಬಹುತೇಕ ಸಂಸ್ಥಾನಗಳಲ್ಲಿ ಕೌಂಟಿಯ ಶಾಂತಿರಕ್ಷಣೆಯ ಹೊಣೆ ಹೊರುವ ಶೆರಿಫನೂ ಜನರ ಮುಂದೆ ಕೈಮುಗಿದೇ ಆ ಪದವಿಗೆ ಬರಬೇಕು. ಗಂಡಸರಿಗೆ ಹೀಗೆ ಆಸೆಪಡುವುದಕ್ಕೂ ಬೇಡುವುದಕ್ಕೂ ಅಡ್ಡಿಯಿರಲಿಲ್ಲ. ಹೆಂಗಸಿನ ಪಾಲಿಗೆ ಇವೆರಡೂ ನಿಷಿದ್ಧವೆಂಬಂತಿದ್ದ ಕಾಲವದು. ಮನೆಗಾಗಿ, ಮಕ್ಕಳಿಗಾಗಿ ಆಕೆ ಏನನ್ನಾದರೂ ಕೇಳಬಹುದು. ತನಗೊಂದು ಸ್ಥಾನ ಬೇಕೆಂದು ಬಾಯಿಬಿಟ್ಟು ಕೇಳುವುದು ಕುಲಸ್ತ್ರೀಯ ಲಕ್ಷಣವಲ್ಲವೆಂದು ಜನ ಹೇಳುತ್ತಿದ್ದರು. ಆದುದರಿಂದ ಹೀಗೆ ಕೇಳಲು ಹೊರಟವರು ಎಂತಹ ಮನೆಯಲ್ಲಿ ಬೆಳೆದವರೆಂಬುದನ್ನು ನೋಡುವುದು ಅವಶ್ಯ.

ಕಮಲಾದೇವಿಯವರು 1903ನೆಯ ಇಸವಿ ಏಪ್ರಿಲ್ 3ರಂದು ಮಂಗಳೂರಿನ ಒಂದು ಚಿತ್ರಾಪುರ ಸಾರಸ್ವತ ಕುಟುಂಬದಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ಉನ್ನತ ಅಧಿಕಾರಿಗಳು. ತಾಯಿ ಗಿರಿಜಾಬಾಯಿಯವರು ಓದುಬರಹವನ್ನು ಪ್ರೀತಿಸಿದ, ತಮ್ಮದೇ ಆದ ವಿಚಾರವುಳ್ಳ ಮಹಿಳೆ. ಕಮಲಾದೇವಿಯವರಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅವರು ಮರಣಶಾಸನವನ್ನು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನ ಮೇರೆಗೆ ಆಸ್ತಿಯೆಲ್ಲವೂ ಮೊದಲ ಹೆಂಡತಿಯ ಮಗನಿಗೆ ಸೇರಿತು; ಗಿರಿಜಾಬಾಯಿಯವರಿಗೆ ತಿಂಗಳ ಜೀವನಾಂಶ ಮಾತ್ರ ಗೊತ್ತಾಯಿತು. ಆ ಸ್ವಾಭಿಮಾನಿನಿ ಅದನ್ನು ಮುಟ್ಟಲಿಲ್ಲ. ತವರಿನಿಂದ ತಮಗೆ ಬಂದಿದ್ದ ಸೊತ್ತನ್ನೇ ನೆಚ್ಚಿ ಹೆಣ್ಣುಮಕ್ಕಳನ್ನು ಸಾಕಲು ನಿಶ್ಚಯಿಸಿದರು.

ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಿನ್ನೆಯವರೆಗೆ ಮನೆಯೊಡತಿಯಾಗಿದ್ದವಳು ಗಂಡನ ಉಸಿರು ನಿಂತ ಮರುದಿನ ಅದೇ ಮನೆಯಲ್ಲಿ ಯಾವ ಹಕ್ಕೂ ಇಲ್ಲದವಳಾಗುವುದನ್ನು ಆ ಬಾಲಕಿ ಕಣ್ಣಾರೆ ಕಂಡಳು. ಕಾನೂನೆಂಬುದು ಕಚೇರಿಯ ಕಪಾಟಿನಲ್ಲಿರುವ ಪುಸ್ತಕವಷ್ಟೇ ಎಂದು ನಾವು ತಿಳಿದಿರುತ್ತೇವೆ. ಅದು ಅಡಿಗೆಮನೆಯವರೆಗೂ ಬಂದು ಅಕ್ಕಿಯ ಡಬ್ಬವನ್ನು ಅಳೆಯುತ್ತದೆಂಬುದು ಕಷ್ಟ ಬಂದಾಗಲೇ ತಿಳಿಯುತ್ತದೆ.

ಅವರ ತಾರುಣ್ಯವೂ ಸುಖದ ಹಾದಿಯಲ್ಲಿ ಸಾಗಲಿಲ್ಲ. ಹದಿನಾಲ್ಕರಲ್ಲಿ ವಿವಾಹ, ಎರಡು ವರ್ಷಗಳೊಳಗೆ ವೈಧವ್ಯ. ಅಂದಿನ ಪದ್ಧತಿಯಂತೆ ಆಕೆಯ ಬಾಳು ಅಲ್ಲಿಗೆ ಮುಗಿದುಹೋಗಬೇಕಾಗಿತ್ತು. ಹಾಗಾಗಲಿಲ್ಲ. ವಿದ್ಯಾಭ್ಯಾಸ ಮುಂದುವರಿಯಿತು, ಮದರಾಸಿನ ಕ್ವೀನ್ ಮೇರಿ ಕಾಲೇಜಿಗೆ ಸೇರಿದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಮ್ಮಂದಿರಾದ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ, ಅವರನ್ನು ವಿವಾಹವಾದರು. ವಿಧವೆಯ ಮರುಮದುವೆ, ಅದರಲ್ಲೂ ಅನ್ಯ ಪ್ರಾಂತದ, ಅನ್ಯ ಭಾಷೆಯ ವರನೊಡನೆ! ಬಂಧುಬಳಗದಲ್ಲಿ ಎಂತಹ ಗುಲ್ಲೆದ್ದಿರಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಅನಂತರ ದಂಪತಿಗಳು ಇಂಗ್ಲೆಂಡಿಗೆ ಹೋದರು. ಕಮಲಾದೇವಿಯವರು ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಅಭ್ಯಸಿಸಿದರು. ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ಅವರನ್ನು ಸ್ವದೇಶಕ್ಕೆ ಎಳೆತಂದಿತು.

ಇನ್ನು ಮತದ ಹಕ್ಕಿನ ವಿಚಾರ. 1917ರ ದಶಂಬರದಲ್ಲಿ ಭಾರತಮಂತ್ರಿ ಮಾಂಟೆಗ್ಯೂ ಅವರು ಮದರಾಸಿಗೆ ಬಂದಿದ್ದಾಗ, ಸರೋಜಿನಿ ನಾಯ್ಡು ಅವರ ನೇತೃತ್ವದಲ್ಲಿ ಮಹಿಳೆಯರ ಒಂದು ನಿಯೋಗವು ಅವರನ್ನು ಕಂಡು, ಸ್ತ್ರೀಯರಿಗೂ ಮತದ ಹಕ್ಕು ಬೇಕೆಂದು ಬಿನ್ನವಿಸಿತು. 1919ರ ಸುಧಾರಣಾ ಶಾಸನವು ನೇರವಾಗಿ ಆ ಹಕ್ಕನ್ನು ಕೊಡಲಿಲ್ಲ. ಪ್ರಾಂತ್ಯಗಳ ಶಾಸನಸಭೆಗಳು ಮನಸ್ಸು ಮಾಡಿದರೆ ಕೊಡಬಹುದೆಂದು ಬಾಗಿಲನ್ನು ಅರ್ಧ ತೆರೆದಿಟ್ಟಿತು. ಆ ಬಾಗಿಲನ್ನು ಮೊದಲು ಪೂರ್ತಿಯಾಗಿ ತೆರೆದ ಕೀರ್ತಿ ನಮ್ಮ ಜಿಲ್ಲೆಯೂ ಸೇರಿದ್ದ ಮದರಾಸು ಪ್ರಾಂತ್ಯಕ್ಕೆ ಸಲ್ಲುತ್ತದೆ. 1921ರಲ್ಲಿ ಅಲ್ಲಿಯ ಶಾಸನಸಭೆಯು ಸ್ತ್ರೀಯರ ಮತಾಧಿಕಾರವನ್ನು ಅಂಗೀಕರಿಸಿತು. ಮುಂಬಯಿ ಅದೇ ವರ್ಷ ಅದನ್ನನುಸರಿಸಿತು.

ಆದರೆ ಆ ಹಕ್ಕು ಇಂದಿನಂತೆ ಸರ್ವರಿಗೂ ಸಲ್ಲುವಂಥದಾಗಿರಲಿಲ್ಲ. ಭೂಮಿಯ ತೀರ್ವೆಯನ್ನೋ ತೆರಿಗೆಯನ್ನೋ ಇಂತಿಷ್ಟು ಕಟ್ಟುವವರು ಮಾತ್ರ ಮತದಾರರು. ಬ್ರಿಟಿಷ್ ಭಾರತದ ಒಟ್ಟು ಜನರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಮಾತ್ರ ಮತವಿತ್ತು. ಸ್ತ್ರೀಗೆ ಮತ ಬೇಕಾದರೆ ಆಸ್ತಿಯು ಆಕೆಯ ಸ್ವಂತ ಹೆಸರಿನಲ್ಲೇ ಇರಬೇಕು. ಗಂಡ ಎಷ್ಟು ಸಿರಿವಂತನಾದರೂ ಅವನ ಆಸ್ತಿ ಆಕೆಯ ಮತಕ್ಕೆ ಆಧಾರವಾಗದು. ಗಿರಿಜಾಬಾಯಿಯವರ ಕಥೆಯನ್ನು ಈಗ ಮತ್ತೆ ನೆನೆಯಿರಿ. ಯಾವ ಕಾನೂನು ಹೆಂಡತಿಗೆ, ಮಗಳಿಗೆ ಪಾಲನ್ನು ಕೊಡಲಿಲ್ಲವೋ ಅದೇ ಕಾನೂನು ಅವರ ಮತವನ್ನೂ ಕಸಿದುಕೊಂಡಂತಾಯಿತು. ಅಳಿಯಸಂತಾನದ ಕಟ್ಟು ನಡೆಯುತ್ತಿದ್ದ ನಮ್ಮ ತುಳುನಾಡಿನ ಕುಟುಂಬಗಳಲ್ಲಿ ಆಸ್ತಿಯು ಹೆಣ್ಣಿನ ಸಂತತಿಯಲ್ಲಿ ಇಳಿದು ಬರುವುದು ನಿಜ. ಆದರೂ ಯಜಮಾನಿಕೆ ಬಹುತೇಕ ಮನೆಗಳಲ್ಲಿ ಗಂಡಸಿನ ಕೈಯಲ್ಲೇ ಉಳಿದಿತ್ತು.

ಇದರ ಮೇಲೆ ಇನ್ನೊಂದು ವಿಚಿತ್ರವಿತ್ತು. 1921ರಲ್ಲಿ ಸಿಕ್ಕಿದ ಹಕ್ಕು ಮತ ಹಾಕುವುದಕ್ಕೆ ಮಾತ್ರ. ಸ್ವತಃ ಉಮೇದುವಾರಳಾಗಿ ನಿಲ್ಲುವುದಕ್ಕೆ ಸ್ತ್ರೀಗೆ ಅವಕಾಶವಿರಲಿಲ್ಲ. ಅಡಿಗೆ ಮಾಡಿ ಬಡಿಸಬಹುದು, ಪಂಕ್ತಿಯಲ್ಲಿ ಕುಳಿತು ಉಣ್ಣಬಾರದೆಂಬಂತಿತ್ತು ಆ ಏರ್ಪಾಡು. 1926ರಲ್ಲಿ ನಿಯಮಗಳು ತಿದ್ದುಪಡಿಯಾಗಿ, ಪ್ರಾಂತ್ಯದ ಶಾಸನಸಭೆಗಳು ಒಪ್ಪಿದಲ್ಲಿ ಸ್ತ್ರೀಯರೂ ಸದಸ್ಯರಾಗಬಹುದೆಂದಾಯಿತು, ಮದರಾಸು ಒಪ್ಪಿತು. ಆದರೆ ಚುನಾವಣೆ ಹತ್ತಿರ ಬಂದಿತ್ತು. ಇಷ್ಟು ವರ್ಷ ಹೋರಾಡಿ ಪಡೆದ ಅವಕಾಶವನ್ನು ಉಪಯೋಗಿಸಲು ಒಬ್ಬಳಾದರೂ ಮುಂದೆ ಬಾರದೆ ಹೋದರೆ, 'ನೋಡಿದಿರಾ, ಹೆಂಗಸರಿಗೇ ಇದು ಬೇಡ' ಎನ್ನಲು ಕಾದಿದ್ದವರು ಹಲವರು.

ಇಲ್ಲಿ ಒಬ್ಬ ವಿದೇಶೀ ಮಹಿಳೆಯ ಹೆಸರನ್ನು ಕೃತಜ್ಞತೆಯಿಂದ ಹೇಳಬೇಕು. ಅವರು ಶ್ರೀಮತಿ ಮಾರ್ಗರೆಟ್ ಕಸಿನ್ಸ್. ಹುಟ್ಟಿದ್ದು ಐರ್ಲೆಂಡಿನಲ್ಲಿ, ಅಲ್ಲಿ ಸ್ತ್ರೀಯರ ಮತಾಧಿಕಾರಕ್ಕಾಗಿ ಹೋರಾಡಿ ಸೆರೆಮನೆ ಕಂಡವರು. 1915ರಲ್ಲಿ ಭಾರತಕ್ಕೆ ಬಂದು ಈ ದೇಶವನ್ನೇ ತಮ್ಮದನ್ನಾಗಿ ಮಾಡಿಕೊಂಡರು. ಮಾಂಟೆಗ್ಯೂ ಅವರ ಬಳಿಗೆ ಹೋದ ನಿಯೋಗವನ್ನು ಏರ್ಪಡಿಸಿದವರೂ ಅವರೇ. ಮಂಗಳೂರು ಅವರಿಗೆ ಹೊಸತಲ್ಲ. 1919–20ರಲ್ಲಿ ಇಲ್ಲಿಯ ರಾಷ್ಟ್ರೀಯ ಬಾಲಿಕಾ ಪಾಠಶಾಲೆಯ ಮೊದಲ ಮುಖ್ಯಸ್ಥೆಯಾಗಿದ್ದರು. ಕಾನೂನಿನ ಬಾಗಿಲು ತೆರೆದರೆ ಸಾಲದು, ಅದನ್ನು ದಾಟಿ ಒಳಗೆ ಕಾಲಿಡುವವರು ಬೇಕೆಂಬುದನ್ನು ಅವರು ಅನುಭವದಿಂದ ಅರಿತಿದ್ದರು. ಕಮಲಾದೇವಿಯವರನ್ನು ಚುನಾವಣೆಗೆ ನಿಲ್ಲುವಂತೆ ಹುರಿದುಂಬಿಸಿದವರು ಇವರೇ.

ಆಗ ಕಮಲಾದೇವಿಯವರಿಗೆ ಇಪ್ಪತ್ತಮೂರು ವರ್ಷ. ಚಿಕ್ಕ ಮಗುವಿನ ತಾಯಿ. ಪ್ರಚಾರಕ್ಕೆ ದೊರೆತುದು ಕೆಲವೇ ದಿವಸ. ಮತದಾರರಲ್ಲಿ ಬಹುಮಂದಿ ಆಸ್ತಿವಂತ ಗಂಡಸರು. ತುಳು, ಕೊಂಕಣಿ, ಕನ್ನಡ, ಬ್ಯಾರಿ ಎಂದು ಕೇರಿಗೊಂದು ಮಾತಿರುವ ಈ ಊರಿನಲ್ಲಿ, ಒಂದು ಮನೆಯ ಬಾಗಿಲಿಂದ ಇನ್ನೊಂದರ ಬಾಗಿಲಿಗೆ ಹೋಗುವಷ್ಟರಲ್ಲಿ ನಾಲಗೆಯನ್ನೇ ಬದಲಿಸಬೇಕು. ಬೆನ್ನ ಹಿಂದೆ ಪೂರ್ವನಿದರ್ಶನವೆಂಬುದಿಲ್ಲ. ಗಂಡಸು ಉಮೇದುವಾರನು ಹೇಗೆ ಮಾತಾಡಬೇಕು, ಎಲ್ಲಿ ನಿಲ್ಲಬೇಕು, ಏನನ್ನು ಉಡಬೇಕು ಎಂಬುದನ್ನು ಯಾರೂ ಕೇಳುವುದಿಲ್ಲ. ಮೊದಲ ಮಹಿಳೆಗೆ ಇವೆಲ್ಲವೂ ಪರೀಕ್ಷೆಗಳೇ. ಮೆಲ್ಲಗೆ ಮಾತಾಡಿದರೆ ಅಳುಬುರುಕಿ, ಗಟ್ಟಿಯಾಗಿ ಮಾತಾಡಿದರೆ ಬಜಾರಿ ಎನ್ನುವ ಲೋಕ ಇಂದಿಗೂ ಇದೆ, ಅಂದು ಇನ್ನೆಷ್ಟಿದ್ದೀತು!

ಫಲಿತಾಂಶ ಬಂದಾಗ ಕಮಲಾದೇವಿಯವರು ಸೋತಿದ್ದರು. ಆದರೆ ಅಂತರ ಬಹಳ ಅಲ್ಪ. 55 ಮತಗಳೆಂಬ ಲೆಕ್ಕ ಬಹುವಾಗಿ ಪ್ರಚಾರದಲ್ಲಿದೆ. ಇದರ ಅರ್ಥವನ್ನು ನಿಧಾನವಾಗಿ ಯೋಚಿಸಿ ನೋಡಬೇಕು. ಹೆಣ್ಣೊಬ್ಬಳಿಗೆ ಮತ ಹಾಕುವುದೆಂದರೆ ಏನೆಂದೇ ತಿಳಿಯದಿದ್ದ ಊರಿನಲ್ಲಿ, ಬಹುಪಾಲು ಗಂಡಸರೇ ಇದ್ದ ಮತದಾರರ ಪಟ್ಟಿಯಲ್ಲಿ, ಕೆಲವೇ ದಿನಗಳ ಪ್ರಯತ್ನಕ್ಕೆ ಅಷ್ಟು ಜನ ಆಕೆಯ ಹೆಸರಿಗೆ ತಮ್ಮ ಒಪ್ಪಿಗೆಯನ್ನಿತ್ತರು. 'ಜನ ಒಪ್ಪುವುದಿಲ್ಲ' ಎಂಬ ಹಳೆಯ ಮಾತು ಅಂದಿಗೆ ಸುಳ್ಳಾಯಿತು. ಜನ ಒಪ್ಪುವರೋ ಇಲ್ಲವೋ ಎಂಬುದು ಅವರನ್ನು ಕೇಳಿದ ಮೇಲೆಯೇ ತಿಳಿಯುವ ವಿಷಯ, ಕಮಲಾದೇವಿಯವರು ಕೇಳಿದರು. ಅವರ ಉಮೇದುವಾರಿಕೆಯ ಬೆಲೆ ಇರುವುದು ಇಲ್ಲಿ.

ಮುಂದಿನ ಸಂಗತಿಗಳು ಬೇಗಬೇಗನೆ ನಡೆದವು. ಅದೇ ಚುನಾವಣೆಯ ಅನಂತರ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರನ್ನು ಸರಕಾರವು ಮದರಾಸು ಶಾಸನಸಭೆಗೆ ನಾಮಕರಣ ಮಾಡಿತು. 1927ರಲ್ಲಿ ಸಭೆಯು ಅವರನ್ನು ಉಪಾಧ್ಯಕ್ಷೆಯನ್ನಾಗಿ ಆರಿಸಿತು. ದೇವದಾಸಿ ಪದ್ಧತಿಯ ವಿರುದ್ಧ ಅವರು ಅಲ್ಲಿ ಎತ್ತಿದ ಧ್ವನಿ 1947ರ ಶಾಸನದಲ್ಲಿ ಫಲಿಸಿತು. 1927ರಲ್ಲೇ ಅಖಿಲ ಭಾರತ ಮಹಿಳಾ ಪರಿಷತ್ತು ಪುಣೆಯಲ್ಲಿ ಸಮಾವೇಶಗೊಂಡಿತು. ಅದನ್ನು ಕಟ್ಟುವ ಕೆಲಸದಲ್ಲಿ ಕಸಿನ್ಸರ ಜತೆಯಲ್ಲಿ ಕಮಲಾದೇವಿಯವರು ದುಡಿದರು. ಸೋತ ಬೇಸರದಿಂದ ಮನೆಯ ಮೂಲೆಯನ್ನು ಹಿಡಿಯಲಿಲ್ಲವೆಂಬುದನ್ನು ಗಮನಿಸಬೇಕು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರನ್ನೂ ಸೇರಿಸಿಕೊಳ್ಳಬೇಕೆಂದು ಗಾಂಧೀಜಿಯವರೊಡನೆಯೇ ವಾದಿಸಿ ಒಪ್ಪಿಸಿದರು. ಮುಂಬಯಿಯಲ್ಲಿ ಉಪ್ಪಿನ ಕಾನೂನನ್ನು ಮುರಿದು ಸೆರೆಮನೆಗೆ ಹೋದರು. ಸ್ವಾತಂತ್ರ್ಯಾನಂತರ ನಿರಾಶ್ರಿತರ ಪುನರ್ವಸತಿಗೂ, ನೇಕಾರ ಕುಂಬಾರರ ಕೈಗೆಲಸದ ಉದ್ಧಾರಕ್ಕೂ ಬಾಳನ್ನು ಮುಡಿಪಾಗಿಟ್ಟರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ. 1988ರ ಅಕ್ಟೋಬರ್ 29ರಂದು ನಿಧನ.

ಮಂಗಳೂರಿಗೆ ಇನ್ನೊಂದು ಹೆಮ್ಮೆಯೂ ಇದೆ. ದಲಿತೋದ್ಧಾರಕ್ಕಾಗಿ ಶ್ರಮಿಸಿದ ಕುದ್ಮುಲ್ ರಂಗರಾಯರ ಮಗಳು ರಾಧಾಬಾಯಿ ಸುಬ್ಬರಾಯನ್ ಅವರು 1930ರ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಭಾರತೀಯ ಮಹಿಳೆಯರಲ್ಲಿ ಒಬ್ಬರು. 1938ರಲ್ಲಿ ಕೇಂದ್ರದ ರಾಜ್ಯ ಪರಿಷತ್ತಿನ ಪ್ರಥಮ ಮಹಿಳಾ ಸದಸ್ಯೆಯಾದರು. ಕಮಲಾದೇವಿಯವರು ಕೇಳಿ ಹಿಂತಿರುಗಿದ ಹನ್ನೆರಡು ವರ್ಷಗಳೊಳಗೆ ಇದೇ ಊರಿನ ಇನ್ನೊಬ್ಬ ಮಗಳಿಗೆ ಸ್ಥಾನ ದೊರೆಯಿತು.

ಕಾನೂನೂ ಮೆಲ್ಲಮೆಲ್ಲನೆ ದಾರಿಗೆ ಬಂತು. 1935ರ ಶಾಸನವು ಆಸ್ತಿವಂತರ ಪತ್ನಿಯರಿಗೂ ಓದುಬರಹ ಬಲ್ಲ ಸ್ತ್ರೀಯರಿಗೂ ಮತವನ್ನು ಕೊಟ್ಟಿತು. 1937ರಲ್ಲಿ ಹಿಂದೂ ವಿಧವೆಗೆ ಗಂಡನ ಆಸ್ತಿಯಲ್ಲಿ ಒಂದಿಷ್ಟು ಹಕ್ಕು ಬಂತು; 1956ರಲ್ಲಿ ಅದು ಪೂರ್ಣವಾಯಿತು; 2005ರಲ್ಲಿ ಮಗಳು ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಸಮಾನಳಾದಳು. ಗಿರಿಜಾಬಾಯಿಯವರು ಕಳೆದುಕೊಂಡುದು ಅವರ ಮೊಮ್ಮಕ್ಕಳ ಕಾಲಕ್ಕೆ ದೊರೆಯಿತು. 1950ರ ಸಂವಿಧಾನವು ಆಸ್ತಿಯ ಲೆಕ್ಕವನ್ನು ಬಿಟ್ಟು ಪ್ರಾಯಕ್ಕೆ ಬಂದ ಎಲ್ಲರಿಗೂ ಮತವನ್ನು ದಯಪಾಲಿಸಿತು. ಆದರೂ 1951–52ರ ಪ್ರಥಮ ಮಹಾಚುನಾವಣೆಯಲ್ಲಿ ಸುಮಾರು 28 ಲಕ್ಷ ಸ್ತ್ರೀಯರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ತಮ್ಮ ಹೆಸರನ್ನು ಪರಪುರುಷನಿಗೆ ಹೇಳಲು ಹಿಂಜರಿದು, 'ಇಂಥವರ ಹೆಂಡತಿ', 'ಇಂಥವನ ತಾಯಿ' ಎಂದಷ್ಟೇ ಬರೆಯಿಸಿದ್ದರಿಂದ ಹಾಗಾಯಿತು. ಇವರಲ್ಲಿ ಹೆಚ್ಚಿನವರು ಉತ್ತರ ದೇಶದವರು. ಸರಕಾರ ಕೊಟ್ಟ ಹಕ್ಕನ್ನು ಸಂಕೋಚವು ಕಸಿದುಕೊಂಡಿತು.

ಹಾಗಾದರೆ ನಮ್ಮ ಇಂದಿನ ಸ್ಥಿತಿಯೇನು? ಕರ್ನಾಟಕದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ; ಮಂಗಳೂರು ಮಹಾನಗರಪಾಲಿಕೆಯ ಮೇಯರ್ ಪೀಠದಲ್ಲಿ ಮಹಿಳೆಯರು ಕುಳಿತಿದ್ದಾರೆ. ಜಿಲ್ಲೆಯ ಪುತ್ತೂರಿನಿಂದಲೂ ಸುಳ್ಯದಿಂದಲೂ ಮಹಿಳೆಯರು ವಿಧಾನಸಭೆಗೆ ಹೋದದ್ದುಂಟು. ಮೇಲಕ್ಕೆ ಹೋದಂತೆ ಲೆಕ್ಕ ಸಣ್ಣದಾಗುತ್ತದೆ. 2023ರ ಚುನಾವಣೆಯಲ್ಲಿ ರಾಜ್ಯದ 224 ವಿಧಾನಸಭಾ ಸ್ಥಾನಗಳಲ್ಲಿ ಮಹಿಳೆಯರು ಗೆದ್ದುದು 10; 2024ರಲ್ಲಿ ಲೋಕಸಭೆಯ 543 ಸ್ಥಾನಗಳಲ್ಲಿ 74. ಪ್ರಥಮ ಮಹಾಚುನಾವಣೆಯಿಂದ 2024ರ ಚುನಾವಣೆಯವರೆಗೆ, ಮಂಗಳೂರು ನಗರವನ್ನೊಳಗೊಂಡ ಲೋಕಸಭಾ ಕ್ಷೇತ್ರದಿಂದ ಒಬ್ಬ ಮಹಿಳೆಯೂ ಆರಿಸಿ ಹೋಗಲಿಲ್ಲ. ಕಮಲಾದೇವಿಯವರ ಊರಿಗೆ ಇದು ಒಪ್ಪುವ ಮಾತೇ? ಲೋಕಸಭೆಯಲ್ಲೂ ವಿಧಾನಸಭೆಗಳಲ್ಲೂ ಮೂರನೆಯ ಒಂದು ಪಾಲನ್ನು ಸ್ತ್ರೀಯರಿಗೆ ಮೀಸಲಿಡುವ ಸಂವಿಧಾನ ತಿದ್ದುಪಡಿ 2023ರಲ್ಲಿ ಅಂಗೀಕೃತವಾಯಿತು. ಜನಗಣತಿ, ಕ್ಷೇತ್ರಗಳ ಪುನರ್ವಿಂಗಡಣೆಗಳು ನಡೆದ ಮೇಲೆ ಅದು ಆಚರಣೆಗೆ ಬರುವುದೆಂದು ಅದರಲ್ಲೇ ಬರೆದಿಟ್ಟರು.

ಮೀಸಲು ಸ್ಥಾನವು ಕುರ್ಚಿಯನ್ನು ಕೊಡಬಲ್ಲುದು. ಆ ಕುರ್ಚಿಗಾಗಿ ಕೇಳುವ ಧೈರ್ಯವೂ, ಕುಳಿತ ಮೇಲೆ ಸ್ವಂತ ಬುದ್ಧಿಯಿಂದ ನಡೆಯುವ ಸ್ವಾತಂತ್ರ್ಯವೂ ಮನೆಯಿಂದಲೇ ಬರಬೇಕು. ಪಂಚಾಯತಿಗೆ ಆರಿಸಿ ಬಂದವಳು ಹೆಂಡತಿ, ಸಭೆಯಲ್ಲಿ ಮಾತಾಡುವವನು ಗಂಡ ಎಂಬ ದೃಶ್ಯ ಅಪರೂಪವೇನಲ್ಲ. ಇದರಲ್ಲಿ ತಪ್ಪು ಆಕೆಯದೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಸಭೆಯ ದಿವಸ ಮಗುವನ್ನು ನೋಡಿಕೊಳ್ಳುವವರು ಯಾರು? ಮಧ್ಯಾಹ್ನದ ಗಂಜಿಗೆ ಒಲೆ ಹೊತ್ತಿಸುವವರು ಯಾರು? ಕತ್ತಲಾದ ಮೇಲೆ ಮನೆಗೆ ಬಂದರೆ ಮುಖ ಗಂಟಿಕ್ಕದೆ ಬಾಗಿಲು ತೆರೆಯುವವರು ಯಾರು? ಈ ಮೂರು ಪ್ರಶ್ನೆಗಳಿಗೆ ಮನೆಯವರು ಸರಿಯಾದ ಉತ್ತರ ಕೊಟ್ಟರೆ ಅರ್ಧ ಚುನಾವಣೆಯನ್ನು ಗೆದ್ದಂತೆಯೇ.

ಆದುದರಿಂದ ನಮ್ಮ ಕೈಲಾಗುವ ಕೆಲವು ಕೆಲಸಗಳನ್ನು ಇಲ್ಲಿ ಸೂಚಿಸುತ್ತೇನೆ. ಮತದಾರರ ಪಟ್ಟಿಯಲ್ಲಿ ಮನೆಯ ಪ್ರತಿಯೊಬ್ಬ ಹೆಣ್ಣುಮಗಳ ಹೆಸರೂ ಸರಿಯಾಗಿದೆಯೇ ಎಂದು ನೋಡಿರಿ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನಲ್ಲೂ ಇಲ್ಲ, ಇಲ್ಲಿಯೂ ಇಲ್ಲ ಎಂದಾಗುವುದು ಬಹಳ. ಹದಿನೆಂಟು ತುಂಬಿದ ಮಗಳಿಗೆ ಸೀರೆಯೋ ಬಳೆಯೋ ಕೊಡಿಸುವ ಸಂಭ್ರಮದಲ್ಲಿ ಆ ಪಟ್ಟಿಗೆ ಹೆಸರು ಸೇರಿಸುವುದನ್ನು ಮರೆಯದಿರಿ. ಮತ ಯಾರಿಗೆಂದು ಆಕೆಗೆ ಅಪ್ಪಣೆ ಮಾಡಬೇಡಿ. ಯಾಕೆ ಎಂದು ಚರ್ಚೆ ಮಾಡಿ. ಕೇರಿಯ ಹೆಂಗಸೊಬ್ಬಳು ಚುನಾವಣೆಗೆ ನಿಂತಳೆಂದು ಕೇಳಿದರೆ ಆಕೆಯ ನಡೆನುಡಿಗಳ ಮೇಲೆ ಕಥೆ ಕಟ್ಟುವವರ ಜತೆ ಸೇರಬೇಡಿ. ಆಕೆ ನಿಮಗೆ ಒಪ್ಪಿಗೆಯಾಗದಿದ್ದರೆ ಮತ ಕೊಡಬೇಕಾಗಿಲ್ಲ. ಹೆಣ್ಣೆಂದ ಮಾತ್ರಕ್ಕೆ ಮತ ಕೊಡಿರೆಂದು ಕಮಲಾದೇವಿಯವರ ಹೆಸರಿನಲ್ಲಿ ಯಾರೂ ಕೇಳಲಾರರು. ಗಂಡಸನ್ನು ಅಳೆಯುವ ಕೊಳಗದಿಂದಲೇ ಆಕೆಯನ್ನೂ ಅಳೆಯಿರಿ, ಅಷ್ಟು ಸಾಕು.

ನಿಮ್ಮ ಮನೆಯ ಮಗಳೋ ಸೊಸೆಯೋ 'ನಾನೂ ಒಮ್ಮೆ ನಿಂತು ನೋಡಲೇ?' ಎಂದರೆ ಕೂಡಲೆ 'ಸೋತರೆ ಮರ್ಯಾದೆ ಏನಾಗಬೇಕು?' ಎಂದು ಬಾಯಿಮುಚ್ಚಿಸಬೇಡಿ. ಸ್ವಲ್ಪ ಮತಗಳಲ್ಲಿ ಸೋತ ಇಪ್ಪತ್ತಮೂರರ ತರುಣಿಯಿಂದ ಈ ಊರಿನ ಮರ್ಯಾದೆ ಹೆಚ್ಚಿತು. ಗೆಲುವು ಸೋಲುಗಳನ್ನು ಮತದಾರರು ನಿರ್ಧರಿಸಲಿ. ಕೇಳುವ ಧೈರ್ಯವನ್ನು ಮಾತ್ರ ಮನೆಯವರು ಕೊಟ್ಟು ಕಳಿಸೋಣ.